ಕಲಾಯಿ ಹಾಕಿದ ತಾಳ

ಅಪ್ಪನಿಗೆ ತಾಳದ ಸದ್ದು ಕೇಳಿಸುವುದು ನಿಂತಿದ್ದು ಯಾವಾಗಿನಿಂದ ಎಂದು ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಅವನ ಪ್ರಕಾರ ಕಿವಿಗೆ ಏನೂ ಆಗಿರಲಿಲ್ಲ, ತಾಳಕ್ಕೇ ಏನೋ ಆಗಿತ್ತು.

ಒಂದು ಭಾನುವಾರ ಬೆಳಿಗ್ಗೆ ನಾನು ತವರಿಗೆ ಹೋದಾಗ ಜಗಲಿಯ ಮೇಲೆ ಕೂತು, ಜೋಡಿ ಕಂಚಿನ ತಾಳಗಳನ್ನು ಕಿವಿಯ ಹತ್ತಿರ ಹಿಡಿದು ತಟ್ಟಿ ತಟ್ಟಿ ನೋಡುತ್ತಿದ್ದ.

"ಇದ್ರ ನಾದ ಹೋಗ್ಬಿಟ್ಟೈತೆ ಕಣಮ್ಮ. ಎಲ್ಲೋ ಬಿರುಕು ಬಿಟ್ಟಿರ್ಬೇಕು. ನಿನ್ ಕಣ್ಣು ಚುರುಕು, ನೋಡು."

ಬೆಳಕಿಗೆ ಹಿಡಿದು ನೋಡಿದೆ. ಬಿರುಕಿರಲಿಲ್ಲ. ಒಂದಕ್ಕೊಂದು ತಟ್ಟಿದರೆ ಬೀದಿಯ ಕೊನೆಯವರೆಗೂ ಟಿಣ್ಣೆಂದಿತು. ಚೆನ್ನಾಗಿಯೇ ಇದೆಯಲ್ಲ ಎಂದರೆ ಅಪ್ಪ ನನ್ನ ಕೈಯನ್ನೇ ನೋಡುತ್ತಿದ್ದ. ಸದ್ದು ಇನ್ನೂ ಬರಬೇಕಾಗಿದೆ ಎಂದುಕೊಂಡು ಕಾಯುತ್ತಿದ್ದ ಎಂದು ನನಗೆ ಆಗ ಹೊಳೆಯಲಿಲ್ಲ.

ಮಂಚೇನಹಳ್ಳಿಯಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿ, ಕೈ ಅಡ್ಡ ಹಿಡಿದರೆ ಮಾತ್ರ ಬಸ್ಸು ನಿಲ್ಲುವಂಥ ಊರು ನಮ್ಮದು. ನನ್ನನ್ನು ಅದೇ ಊರಿನಲ್ಲಿ, ತವರಿನಿಂದ ನಾಲ್ಕು ಮನೆ ಆಚೆಗೆ ಕೊಟ್ಟರು. ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವುದು ನನ್ನ ಕೆಲಸ. ಊರಲ್ಲಿ ಭಜನೆ ಮನೆಯೊಂದಿದೆ. ಶನಿವಾರ ಸಂಜೆ ದೀಪ ಹಚ್ಚಿದ ಮೇಲೆ ಭಜನೆ. ಹಾಡುಗಳು ಅರ್ಧ ಕನ್ನಡ, ಅರ್ಧ ತೆಲುಗು. ಯಾವುದು ಯಾವುದೆಂಬ ಗೊಡವೆ ಹಾಡುವವರಿಗಿಲ್ಲ. ಅಲ್ಲಿ ತಾಳ ಹಾಕುವವನು ಅಪ್ಪ, ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ.

ಅವನಿಗೆ ಹಾಡಲು ಬರುವುದಿಲ್ಲ. ಬಾಯಿ ಬಿಟ್ಟರೆ ಹಸು ಹಾಲು ಏರಿಸಿಕೊಳ್ಳುತ್ತದೆ ಎಂದು ಅಮ್ಮ ಆಡಿಕೊಳ್ಳುತ್ತಾಳೆ. ಒಂದು ಸಲ ಪಂಚಾಯ್ತಿಗೆ ನಿಂತು ಸೋತ. ಮೆಕ್ಕೆಜೋಳ ಬೆಳೆದ, ಗುಲಾಬಿ ಬೆಳೆದ, ಎರಡರಲ್ಲೂ ಪರವಾಗಿಲ್ಲ ಎನ್ನಿಸಿಕೊಂಡ. ಊರಿನಲ್ಲಿ ಅವನದೇ ಎಂದು ಹೇಳಬಹುದಾದ ಜಾಗ ಒಂದೇ, ಭಜನೆ ಮನೆಯಲ್ಲಿ ಮೃದಂಗದವರ ಎಡಕ್ಕೆ. ಬೇರೆ ಯಾರಾದರೂ ಗೊತ್ತಿಲ್ಲದೆ ಅಲ್ಲಿ ಕೂತರೆ ಪಕ್ಕದವರು ಸರಿಸುತ್ತಾರೆ.

"ಕೇಳಿಸ್ದೇನೆ ತಾಳ ಹಾಕೋದು ಮೋಸ," ಎಂದ ಅಪ್ಪ. "ರಾಮನವಮಿ ತನಕ ನೋಡ್ತೀನಿ. ಸರಿ ಹೋಗ್ಲಿಲ್ಲ ಅಂದ್ರೆ ತಾಳ ಕೆಳಗಿಟ್ಟು ಎದ್ದು ಬರ್ತೀನಿ."

ಹಬ್ಬಕ್ಕೆ ಇನ್ನೂ ಮೂರು ತಿಂಗಳಿತ್ತು.

ಕಿವಿ ತೋರಿಸೋಣ ಎಂದರೆ, "ನೀನು ಮಾತಾಡೋದು ಕೇಳಿಸ್ತಾ ಐತಲ್ಲ," ಎಂದ. ಅದು ನಿಜವೇ. ಅವನಿಗೆ ಕೇಳಿಸಬಾರದೆಂದು ಅಡುಗೆಮನೆಯಲ್ಲಿ ಆಡಿದ ಮಾತೂ ಅವನಿಗೆ ಕೇಳಿಸುತ್ತಿತ್ತು. ಹಾಗಾಗಿ ನಾನೂ ಅವನನ್ನೇ ನಂಬಿದೆ. ಚಿಕ್ಕಬಳ್ಳಾಪುರದಿಂದ ಎರಡು ಜೊತೆ ಹೊಸ ತಾಳ ತಂದುಕೊಟ್ಟೆ. ಎರಡನ್ನೂ ತಟ್ಟಿ ನೋಡಿ, ಇವೂ ಸತ್ತಿವೆ, ಈಗಿನ ಕಂಚು ಕಂಚೇ ಅಲ್ಲ ಎಂದುಬಿಟ್ಟ. ಅಂಗಡಿಯವನು ಮೋಸ ಮಾಡಿದ ಎಂದು ನಾನು ಫೋನಿನಲ್ಲಿ ಜಗಳವನ್ನೂ ಆಡಿದೆ. ಆ ಮನುಷ್ಯನನ್ನು ನೆನೆದರೆ ಈಗಲೂ ಮುಜುಗರವಾಗುತ್ತದೆ.

ನನಗೆ ಸಿಟ್ಟು ಬಂದರೆ ಸುಮ್ಮನೆ ಕೂರುವುದಿಲ್ಲ, ಏನಾದರೂ ಕೆಲಸ ಹಿಡಿಯುತ್ತೇನೆ. ಮಿಕ್ಸಿ ಬಿಚ್ಚಿ ಜೋಡಿಸುತ್ತೇನೆ, ನಲ್ಲಿಗೆ ವಾಷರ್ ಹಾಕುತ್ತೇನೆ. ಈ ಸಲ ತಾಳವನ್ನೇ ಮಾಡುತ್ತೇನೆ ಎಂದೆ. ಕಂಚು ಎರಕದ ಕೆಲಸ, ಮನೆಯಲ್ಲಿ ಆಗುವುದಲ್ಲ. ಹಿತ್ತಾಳೆಯಾದರೆ ಕತ್ತರಿಸಿ ಬಡಿಯಬಹುದು. ಹಿತ್ತಾಳೆಯಲ್ಲಿ ತಾಳವೇ ಎಂದು ಅಪ್ಪ ನಕ್ಕ. ಅಟ್ಟದ ಮೇಲಿದ್ದ, ಅಂಚು ಸೀಳಿದ ಹಿತ್ತಾಳೆ ಹರಿವಾಣವನ್ನು ನಾನು ಇಳಿಸಿದಾಗ ಅಮ್ಮನೂ ಬಂದು ನಿಂತಳು.

"ಅದು ನಮ್ಮತ್ತೇದು."

"ಇಪ್ಪತ್ತು ವರ್ಷದಿಂದ ಅಟ್ಟದ ಮೇಲೆ ಇದ್ಯಲ್ಲಮ್ಮ."

"ಇರ್ಲಿ. ಅವರದ್ದು ಅಂತ ಇರೋದು ಅದೊಂದೇ," ಎಂದಳು. ಆಮೇಲೆ ಸ್ವಲ್ಪ ಹೊತ್ತು ಅದನ್ನು ನೋಡಿ, "ನನ್ನ ಕಂಡ್ರೆ ಅವರಿಗೆ ಆಗ್ತಿರ್ಲಿಲ್ಲ. ಕುಯ್ಕೋ ಹೋಗು," ಎಂದಳು.

ಶಾಲೆಯ ಕೈವಾರದಿಂದ ವೃತ್ತ ಎಳೆದು, ತಗಡು ಕತ್ತರಿಯಿಂದ ಬಿಲ್ಲೆ ಕತ್ತರಿಸಿದೆ. ನಡುವೆ ಗುಬ್ಬಿ ಎಬ್ಬಿಸಬೇಕು, ದಾರ ಪೋಣಿಸುವ ಆ ಉಬ್ಬಿಗೆ ಹಾಗೆನ್ನುತ್ತಾರೆ. ಅದಕ್ಕೆಂದು ಬಡಗಿಯ ಹತ್ತಿರ ಬೇವಿನ ತುಂಡೊಂದರಲ್ಲಿ ಲಿಂಬೆಹಣ್ಣಿನಷ್ಟು ಗುಣಿ ತೋಡಿಸಿಕೊಂಡು ಬಂದೆ. ಬಿಲ್ಲೆಯನ್ನು ಅದರ ಮೇಲಿಟ್ಟು ಗುಂಡು ತಲೆಯ ಸುತ್ತಿಗೆಯಿಂದ ನಡುವಿನಿಂದ ಸುತ್ತಲೂ ತಟ್ಟುತ್ತ ಬರಬೇಕು. ನಾನು ತಟ್ಟಲಿಲ್ಲ, ಬಡಿದೆ. ಮೊದಲ ಬಿಲ್ಲೆ ನಡುವಿಗೇ ಸೀಳಿತು. ಎರಡನೆಯದೂ ಸೀಳಿತು.

ಹಿತ್ತಾಳೆ ಬಡಿದಷ್ಟೂ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ಒಡೆಯುತ್ತದೆ. ಆಗಾಗ ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಇದನ್ನು ನಾನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ಕೈಗೆ ತಿಳಿಯುವುದಕ್ಕೆ ಎರಡು ಬಿಲ್ಲೆ ಬೇಕಾದವು. ಮೂರನೆಯದನ್ನೂ ನಾಲ್ಕನೆಯದನ್ನೂ ಗ್ಯಾಸ್ ಒಲೆಯ ಮೇಲೆ ಕಾಯಿಸಿ, ತಟ್ಟಿ, ಮತ್ತೆ ಕಾಯಿಸಿ, ನಾಲ್ಕು ಭಾನುವಾರಗಳಲ್ಲಿ ಒಂದು ಜೊತೆ ಮುಗಿಸಿದೆ. ಅಂಗೈಯಷ್ಟಗಲ, ದಪ್ಪಗೆ, ಹುಣಸೆಹಣ್ಣು ಹಾಕಿ ಉಜ್ಜಿದ ಮೇಲೆ ಮುಖ ಕಾಣುವಂತಿತ್ತು. ತಟ್ಟಿದರೆ ಕಂಚಿಗೆ ಹೆಚ್ಚು ಕಡಿಮೆಯಿಲ್ಲದ ಸದ್ದು. ಸ್ಟಾಫ್ ರೂಮಿಗೆ ತೆಗೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿದೆ. ಹೊಗಳಿದರು. ನನಗೆ ಹೊಗಳಿಕೆ ಬೇಡವೆಂದು ನಾನು ಯಾವತ್ತೂ ಹೇಳಿಲ್ಲ.

ಅಪ್ಪ ಎರಡು ಸಲ ತಟ್ಟಿ ನೋಡಿದ.

"ಮಿಂಚ್ತೈತೆ," ಎಂದ. "ಸದ್ದೆಲ್ಲಮ್ಮ?"

ನನಗೆ ಅಳುವಷ್ಟು ಸಿಟ್ಟು ಬಂತು. ಒಳಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ಕೂತೆ. ಅಮ್ಮ ಕುಕ್ಕರ್ ಇಟ್ಟಿದ್ದಳು.

"ನೀನ್ ಬೇರೆ ಯಾಕೆ ಮುಖ ಊದಿಸ್ಕೊಂಡು ಕೂತಿದೀಯ? ಕುಕ್ಕರ್ ಕೂಗಿದ್ರೂ ಕೇಳಿಸಲ್ಲ ನಿಮ್ಮಪ್ಪಂಗೆ. ಹೋದ ವಾರ ಬೇಳೆ ಸೀದು ಹೋಯ್ತು, ಪಕ್ಕದಲ್ಲೇ ಪೇಪರ್ ಓದ್ತಾ ಕೂತಿತ್ತು. ಅದೇ ಆಚೆ ಹೊಲದಾಗೆ ಟ್ರ್ಯಾಕ್ಟರ್ ಬಂದ್ರೆ ಇಲ್ಲಿಂದ್ಲೇ ಯಾರ್ದು ಅಂತ ಹೇಳುತ್ತೆ."

ಅಮ್ಮ ಇದನ್ನು ದೂರಿಗಾಗಿ ಹೇಳಿದಳು. ನನಗೆ ಉತ್ತರವಾಯಿತು. ಟ್ರ್ಯಾಕ್ಟರ್ ಕೇಳಿಸುತ್ತದೆ, ಕುಕ್ಕರ್ ಕೇಳಿಸುವುದಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸದ್ದನ್ನು. ದಪ್ಪ ಸದ್ದು ಉಳಿದುಕೊಳ್ಳುತ್ತದೆ. ಇದೂ ನಾನು ಪಾಠ ಮಾಡುವ ಸಂಗತಿಯೇ. ಪರೀಕ್ಷೆಯಲ್ಲಿ ಕೇಳಿದ್ದರೆ ಬರೆಯುತ್ತಿದ್ದೆ. ನಮ್ಮ ಮನೆಯ ಜಗಲಿಯ ಮೇಲೆ ಕೇಳಿದ್ದರಿಂದ ಹೊಳೆಯಲಿಲ್ಲ.

ಅಪ್ಪನನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದೆ, ಕಿವಿಯ ಡಾಕ್ಟರೂ ಅದನ್ನೇ ಹೇಳಿದರು. ಮಷೀನು ಕೊಟ್ಟರು. ಅದನ್ನು ಹಾಕಿಕೊಂಡು ಅಪ್ಪ ಒಂದು ಶನಿವಾರ ಭಜನೆಗೆ ಹೋದ. ಬಂದವನೇ ಕಿತ್ತು ಡಬ್ಬಿಯಲ್ಲಿಟ್ಟ. ಹಾಡು, ಮೃದಂಗ, ಫ್ಯಾನು, ಕೆಮ್ಮು ಎಲ್ಲ ಒಂದೇ ಪಾತ್ರೆಗೆ ಹಾಕಿ ಕಲಸಿದಂತಿತ್ತಂತೆ. ಮನೆಯಲ್ಲಿ ಹಾಕಿಕೊಳ್ಳುತ್ತೇನೆ, ಭಜನೆಗೆ ಹಾಕಿಕೊಳ್ಳುವುದಿಲ್ಲ ಎಂದ. ತಪ್ಪು ತಾಳದ್ದಲ್ಲ, ತನ್ನದೇ ಎಂದು ಗೊತ್ತಾದ ಮೇಲೆ ಅವನು ತಾಳದ ಮಾತೆತ್ತುವುದನ್ನೇ ಬಿಟ್ಟ. ಅದು ನನಗೆ ಅವನ ದೂರುಗಳಿಗಿಂತ ಕಷ್ಟವಾಯಿತು. ಹಬ್ಬಕ್ಕೆ ಆರು ವಾರ ಉಳಿದಿತ್ತು.

ಹರಿವಾಣದಲ್ಲಿ ಇನ್ನು ಒಂದೇ ಜೊತೆಗಾಗುವಷ್ಟು ತಗಡು ಮಿಕ್ಕಿತ್ತು. ಈ ಸಲ ಗೇಣಗಲ ಕತ್ತರಿಸಿ, ತೆಳ್ಳಗೆ ತಟ್ಟಿದೆ. ಅಗಲವಾಗಿ ತೆಳ್ಳಗಿದ್ದರೆ ಸದ್ದು ಕೆಳಗಿಳಿಯುತ್ತದೆ. ಇಳಿಯಿತು. ಆದರೆ ಒಂದು ಸಲ ತಟ್ಟಿದರೆ ಘೊಂಯ್ ಎಂದು ಹೊರಟಿದ್ದು ನಿಲ್ಲುತ್ತಲೇ ಇರಲಿಲ್ಲ. ಅಪ್ಪ ತಲೆ ಓರೆ ಮಾಡಿದ.

"ಏನೋ ಬಂತು," ಎಂದ. ನನಗೆ ಎದೆ ಹಗುರವಾಯಿತು. "ಆದ್ರೆ ಒಂದು ಪೆಟ್ಟು ಮುಗಿಯೋದ್ರೊಳ್ಗೆ ಇನ್ನೊಂದು ಬಂದು ಮೇಲೆ ಬೀಳ್ತೈತೆ. ಯಾವ್ದು ಯಾವ್ದು ಅಂತಾನೇ ಗೊತ್ತಾಗಲ್ಲ. ಬಿಡಮ್ಮ, ಸಾಕು. ಕೈಯೆಲ್ಲ ಬೊಬ್ಬೆ ಬಂದೈತೆ ನಿಂಗೆ."

ಬಿಡುವ ಜಾಯಮಾನ ನನ್ನದಲ್ಲ. ಇನ್ನೊಂದಿಷ್ಟು ತಟ್ಟಿ ಸರಿಮಾಡೋಣವೆಂದರೆ ಒಂದರ ಅಂಚಿನಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ಕಾಯಿಸದೆ ಮುಟ್ಟುವಂತಿರಲಿಲ್ಲ. ಅಷ್ಟಗಲದ ತಗಡು ಗ್ಯಾಸ್ ಒಲೆಯ ಮೇಲೆ ಒಂದೇ ಸಮನೆ ಕಾಯುವುದೂ ಇಲ್ಲ. ಗೌರಿಬಿದನೂರಿನ ಬಸ್ ಸ್ಟ್ಯಾಂಡಿನ ಹಿಂದೆ ಕಲಾಯಿ ಹಾಕುವ ಒಬ್ಬ ಹಿರಿಯರಿದ್ದರು. ಹಿತ್ತಾಳೆ ತಾಮ್ರದ ಪಾತ್ರೆಗಳ ಒಳಮೈಗೆ ತವರ ಬಳಿಯುವ ಕೆಲಸ. ನಮ್ಮಂಥವರ ಮನೆಗಳಲ್ಲಿ ಎಲ್ಲ ಸ್ಟೀಲಾಗಿ ಅವರಿಗೆ ಕೆಲಸವಿಲ್ಲ; ಮದುವೆಯ ಬಿರಿಯಾನಿ ಬೇಯಿಸುವ ತಾಮ್ರದ ದೇಗ್ಚಿಗಳು ಇನ್ನೂ ಅವರ ಕುಲುಮೆಯನ್ನು ಉರಿಸುತ್ತಿವೆ. ಬೆಳಿಗ್ಗೆ ಶಾಲೆಗೆ ಹೋಗುವಾಗ ಎರಡನ್ನೂ ಅವರ ಮುಂದಿಟ್ಟು, ಕೆಂಪಗಾಗುವ ತನಕ ಕಾಯಿಸಿ ಇಡಿ ಚಾಚಾ, ಸಂಜೆ ಬರ್ತೀನಿ ಎಂದು ಹೇಳಿ ಓಡಿದೆ. ಪ್ರಾರ್ಥನೆಗೆ ಐದು ನಿಮಿಷವಿತ್ತು. ಅದು ಏನು, ಏತಕ್ಕೆ ಎಂದು ಹೇಳಲಿಲ್ಲ.

ಸಂಜೆ ಹೋದರೆ ಎರಡೂ ಬೆಳ್ಳಗೆ ಹೊಳೆಯುತ್ತಿದ್ದವು. ಒಳಗೂ ಹೊರಗೂ ಕಲಾಯಿ. ಸಾಲದ್ದಕ್ಕೆ, ನಾನು ಕಷ್ಟಪಟ್ಟು ಗುಬ್ಬಿಯ ನಡುವೆ ಕೊರೆದಿದ್ದ ತೂತುಗಳೂ ಇರಲಿಲ್ಲ. ಬೆಸುಗೆ ಹಾಕಿ ಮುಚ್ಚಿ, ಅರದಿಂದ ಉಜ್ಜಿ, ಗುರುತೇ ಸಿಗದಂತೆ ಮಾಡಿದ್ದರು.

"ಇದೇನ್ ಮಾಡಿದ್ರಿ ಚಾಚಾ? ಕಾಯ್ಸಿ ಅಂತ ತಾನೇ ಹೇಳಿದ್ದು?"

"ಕಾಯ್ಸಿದೆ ಅಮ್ಮ. ಕಾದ ಮೇಲೆ ಬರಿ ಹಿತ್ತಾಳೆ ಹೆಂಗೆ ಕೊಡೋದು? ಹುಳಿ ಬಿದ್ರೆ ಕಿಲುಬು ಹತ್ತುತ್ತೆ. ಮಕ್ಕಳು ಉಣ್ಣೋ ತಟ್ಟೆ."

"ಇದರಲ್ಲಿ ಯಾರು ಉಣ್ತಾರೆ?"

"ತಟ್ಟೆ ಅಲ್ವಾ?" ಎಂದು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ನಾನೂ ಅಂದ್ಕೊಂಡೆ, ಇದೇನು ನಡುವೆ ಗುಳಿ, ಪಲ್ಯ ಇಡೋಕಾ ಅಂತ. ಎರಡಕ್ಕೂ ಅದೇ ಜಾಗದಾಗೆ ತೂತು ಬಿದ್ದಿತ್ತು. ಟೀಚರಮ್ಮ ಹೇಳೋಕೆ ಮರ್ತವ್ರೆ ಅಂತ ಮುಚ್ಚಿಬಿಟ್ಟೆ."

ನಾನು ವಿವರಿಸಿದೆ. ದನಿ ಏರಿಸಿಯೇ ವಿವರಿಸಿದೆ. ಅಪ್ಪನ ಕಿವಿಯ ಕತೆ, ತಾಳದ ಕತೆ, ಎಲ್ಲವನ್ನೂ ಹೇಳಿದೆ. ಅವರು ಕುಲುಮೆಯ ತಿದಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. ಐವತ್ತು ವರ್ಷದಿಂದ ಇದೇ ಕೆಲಸ, ಪಾತ್ರೆ ಕಾದರೆ ಕೈ ತಾನಾಗಿ ತವರಕ್ಕೆ ಹೋಗುತ್ತದೆ, ತಪ್ಪಾಯಿತು ಎಂದರು. ಕಲಾಯಿಗೆ ಕಾಸು ಬೇಡವೆಂದರು. ತೂತುಗಳನ್ನು ತಾವೇ ಮತ್ತೆ ಕೊರೆದು ಕೊಟ್ಟರು. ಕಲಾಯಿಯನ್ನೂ ಉಜ್ಜಿ ತೆಗೆಯುತ್ತೇನೆ, ಎರಡು ದಿನ ಬಿಟ್ಟು ಬನ್ನಿ ಎಂದರು. ಬೇಡವೆಂದು ಕಸಿದುಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಒಂದಕ್ಕೊಂದು ತಟ್ಟಿದರೆ ಢಬ್ ಎಂದಿತು. ಪಕ್ಕದ ಹೆಂಗಸು ಒಗ್ಗರಣೆ ಹಾಕುವುದಕ್ಕಾ ಎಂದು ಕೇಳಿದಳು.

ಕೆಂಪಗೆ ಕಾಯಿಸಿದ್ದರಿಂದ ಲೋಹ ಸಡಿಲವಾಗಿತ್ತು. ಕಡೆಯಲ್ಲಿ ಕಾಯಿಸದೆ ತಟ್ಟಿದರೆ ಮಾತ್ರ ಹಿತ್ತಾಳೆ ಮೊಳಗುತ್ತದೆ. ಅದರ ಮೇಲೆ ಮೆತ್ತನೆಯ ತವರ ಕೂತು, ಹುಟ್ಟಿದ ಸದ್ದನ್ನು ಅಲ್ಲೇ ಅದುಮುತ್ತಿತ್ತು. ತಾಳ ಎನ್ನುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ. ಅಪ್ಪನ ಮುಂದೆ ಅದನ್ನು ಕುಕ್ಕಿ, ನೋಡು ನನ್ನ ಎರಡು ತಿಂಗಳ ಕೆಲಸ ಎಂದೆ.

ಅವನು ದಾರ ಪೋಣಿಸಿ, ಹಿಡಿದು ತಟ್ಟಿದ. ನಿಂತ. ಮತ್ತೆ ತಟ್ಟಿದ. ಆಮೇಲೆ ಹಾಡಿನ ನಡೆಗೆ ಹಾಕುವಂತೆ ಬಿಟ್ಟು ಬಿಟ್ಟು ಎಂಟು ಪೆಟ್ಟು ಹಾಕಿದ. ಪ್ರತಿ ಪೆಟ್ಟಿಗೂ ಅವನ ಗಲ್ಲ ಒಂದಿಷ್ಟು ಅಲುಗಿತು.

"ಕೇಳಿಸ್ತೈತೆ," ಎಂದ.

"ಸುಮ್ನೆ ನನ್ ಸಮಾಧಾನಕ್ಕೆ ಹೇಳ್ಬೇಡ."

"ಇಲ್ಲ ಕಣಮ್ಮ. ಒಂದೊಂದು ಪೆಟ್ಟೂ ಬೇರೆ ಬೇರೆ ಕೇಳಿಸ್ತೈತೆ. ತಿರುಗಿ ನಿಂತ್ಕೋತೀನಿ, ನೀನ್ ತಟ್ಟು."

ಗೋಡೆಗೆ ಮುಖ ಮಾಡಿ ನಿಂತ. ನಾನು ತಟ್ಟಿದೆ, ಅವನು ಬೆರಳೆತ್ತಿದ. ಮೂರು ತಟ್ಟಿದರೆ ಮೂರು. ಬೇಕೆಂದೇ ತಡಮಾಡಿ ಒಂದು ತಟ್ಟಿದೆ, ತಡವಾಗಿ ಒಂದು ಬೆರಳು. ಅಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ ಒಳಗೆ ಹೋದಳು. ನನಗೆ ಸಂತೋಷವಾಗಿತ್ತು, ಆ ಸಂತೋಷ ನನ್ನ ಕೌಶಲದಿಂದ ಬಂದದ್ದಲ್ಲ ಎಂಬ ಕಸಿವಿಸಿಯೂ ಇತ್ತು. ಮರುದಿನ ಶಾಲೆಗೆ ಹೋಗುವಾಗ ಕಲಾಯಿಯವರಿಗೆ ವಿಷಯ ಹೇಳಿದೆ. ಅವರು ನಕ್ಕು, ಹಂಗಾದ್ರೆ ಕಾಸು ಕೊಡಿ ಎಂದರು.

ಆ ಶನಿವಾರ ನಾನೂ ಭಜನೆಗೆ ಹೋದೆ. ಸಾಮಾನ್ಯವಾಗಿ ಹೋಗುವವಳಲ್ಲ, ನನಗೆ ಹಾಡಿನ ಹಿಂದುಮುಂದು ಗೊತ್ತಾಗುವುದಿಲ್ಲ. ಹೆಂಗಸರ ಕಡೆ ಅಮ್ಮನ ಪಕ್ಕ ಕೂತೆ. ಅಪ್ಪ ಬಟ್ಟೆಯ ಚೀಲದಿಂದ ಬಿಳಿ ತಾಳ ತೆಗೆದಾಗ ನಾಲ್ಕು ಜನ ಬಗ್ಗಿ ನೋಡಿದರು. ಮೊದಲ ಹಾಡಿಗೇ ಒಬ್ಬರು, ಇದೇನಣ್ಣ, ಗಂಗಾಳ ಬಡಿದಂಗೈತೆ ಎಂದರು. ಅಪ್ಪನಿಗೆ ಕೇಳಿಸಿತು. ಕೇಳಿಸದವನಂತೆ ಇದ್ದ.

ಮೊದಲ ಎರಡು ಹಾಡು ಹೇಗೋ ಸಾಗಿದವು. ಮೂರನೆಯದು ನನ್ನ ಕಿವಿಗೂ ವಿಚಿತ್ರವಾಗಿ ಕೇಳಿಸತೊಡಗಿತು. ಹಾಡು ನಿಧಾನವಾಗುತ್ತಿತ್ತು. ಪ್ರತಿ ಸಾಲೂ ಹಿಂದಿನದಕ್ಕಿಂತ ಎಳೆಯುತ್ತಿತ್ತು. ಹಾಡುವವರಿಗೆ ಉಸಿರು ಸಾಲದೆ, ಒಂದು ಪದದ ನಡುವೆ ಇಬ್ಬರು ನಿಲ್ಲಿಸಿ ಉಗುಳು ನುಂಗಿದರು. ಕಡೆಗೆ ಹಾಡು ನಿಂತೇ ಹೋಯಿತು. ಅಪ್ಪ ಎರಡು ತಾಳವನ್ನೂ ಎದೆಯ ಮುಂದೆ ಎತ್ತಿ ಹಿಡಿದು ಮೃದಂಗದವರನ್ನು ನೋಡುತ್ತಿದ್ದ. ಮೃದಂಗದವರು ಬಲಗೈ ಎತ್ತಿಕೊಂಡು ಅಪ್ಪನ ಕೈಯನ್ನು ನೋಡುತ್ತಿದ್ದರು.

ಮೃದಂಗದವರು ಮಂಚೇನಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವರು.

"ಯಾಕಪ್ಪ ನಿಲ್ಲಿಸ್ದೆ?" ಎಂದ ಅಪ್ಪ.

"ನೀನ್ ಹಾಕ್ಲಿ ಅಂತ."

"ಈಗ ನಂದು ನಂಗೆ ಕೇಳಿಸ್ತೈತಲ್ಲ, ನಿಂದು ಕೇಳಿಸ್ಕೊಂಡು ಅದಕ್ಕೆ ಕೂಡಿಸಿ ಹಾಕ್ತಾ ಇದೀನಿ."

"ಹೌದಾ?" ಎಂದರು ಅವರು. ಆಮೇಲೆ ತೊಡೆ ಒರೆಸಿಕೊಂಡು, "ಎರಡು ವರ್ಷ ಆಯ್ತಲ್ಲಣ್ಣ. ಕೈಗೆ ರೂಢಿ ಬಿದ್ಬಿಟ್ಟೈತೆ," ಎಂದರು.

ನಾನು ಅಮ್ಮನ ಕಡೆ ತಿರುಗಿದೆ. ಅವಳು ಸೆರಗಿನ ಅಂಚನ್ನು ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು. ಹೆಂಗಸರ ಸಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ತನ್ನ ಪೆಟ್ಟು ತನಗೇ ಕೇಳಿಸದೆ ಅಪ್ಪ ಎರಡು ವರ್ಷದಿಂದ ತಡವಾಗಿ ತಟ್ಟುತ್ತಿದ್ದ. ಮೃದಂಗದವರು ಅವನ ಕೈ ಬೀಳುವವರೆಗೆ ತಮ್ಮ ಕೈ ತಡೆಹಿಡಿದಿದ್ದರು. ಹಾಡುವವರು ಆ ಮೃದಂಗಕ್ಕೆ ತಮ್ಮ ಉಸಿರನ್ನು ಎಳೆದು ಹೊಂದಿಸಿಕೊಂಡಿದ್ದರು. ಊರಿಗೆ ಊರೇ ಎರಡು ವರ್ಷ ನಿಧಾನವಾಗಿ ಹಾಡಿತ್ತು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನನಗೆ ಮೊದಲು ಬಂದದ್ದು ಸಿಟ್ಟು. ಅಪ್ಪನನ್ನು ಎಲ್ಲರೂ ಸೇರಿ ಮಗುವಿನ ಹಾಗೆ ನೋಡಿಕೊಂಡರಲ್ಲ ಎಂದು ಉರಿಯಿತು. ಅದರ ಹಿಂದೆಯೇ, ಇದನ್ನು ಇವರು ಅವನಿಗಾಗಿ ಮಾಡಿದರಲ್ಲ ಎಂದೂ ಅನ್ನಿಸಿತು.

ಅಪ್ಪ ತಾಳವನ್ನು ಮಡಿಲಲ್ಲಿಟ್ಟುಕೊಂಡ. ಎದ್ದು ಬಿಡುತ್ತಾನೆ ಎಂದುಕೊಂಡೆ. ಕಾಲು ಮಡಿಸಿಕೊಂಡದ್ದೂ ಹಾಗೆಯೇ ಇತ್ತು.

"ಎರಡು ವರ್ಷ," ಎಂದ.

"ಹೆಚ್ಚು ಕಮ್ಮಿ."

"ನಂಗೆ ಹೇಳ್ಬೋದಿತ್ತು."

"ಹೇಳಿದ್ರೆ ನೀನ್ ಬರ್ತಾ ಇದ್ಯಾ?"

ಅಪ್ಪನ ಮುಖ ಕೆಂಪಾಗಿತ್ತು. ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡ, ಯಾರಿಗೂ ಮರೆಮಾಡಲಿಲ್ಲ. ಆಮೇಲೆ ತಾಳದ ದಾರವನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡ.

"ಇನ್ಮೇಲೆ ಕಾಯ್ಬೇಡ. ನಂಗೆ ಕೇಳಿಸ್ತೈತೆ."

"ತಪ್ಪಿದ್ರೆ?"

"ತಪ್ಪಿದ್ರೆ ತಪ್ಲಿ. ನೀನ್ ಹೋಗ್ತಾ ಇರು. ನಾನ್ ಬರ್ತೀನಿ."

ಹಾಡನ್ನು ಮೊದಲಿನಿಂದ ಎತ್ತಿಕೊಂಡರು. ಈ ಸಲ ಓಟ ಬೇರೆಯೇ ಇತ್ತು. ಆ ಹಾಡು ಅಷ್ಟು ಚುರುಕಿನದೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಮೊದಲ ಸಾಲಿನಲ್ಲಿ ಅಪ್ಪ ಒಂದು ಪೆಟ್ಟು ಬಿಟ್ಟ. ಎರಡನೆಯ ಸಾಲಿನಲ್ಲಿ ಇನ್ನೊಂದು ಬಿಟ್ಟ. ಮೃದಂಗದವರು ಕಣ್ಣು ಮುಚ್ಚಿಕೊಂಡು ಬಾರಿಸುತ್ತಿದ್ದರು, ಹಾಡುವವರು ಒಬ್ಬರೂ ಅವನ ಕಡೆ ತಿರುಗಲಿಲ್ಲ, ಯಾರೂ ಕಾಯಲಿಲ್ಲ. ಮೂರನೆಯ ಸಾಲಿಗೆ ಅಪ್ಪ ಅವರನ್ನು ಸೇರಿಕೊಂಡ.